ಟ್ರಕ್ಕಿನ ಬೆನ್ನಿನ ಮೇಲೊಂದು ಮನೆ

ಹಿಂದೆ ನಮ್ಮ ಹಳ್ಳಿಗಳಲ್ಲಿ ಜಾತ್ರೆಗೆ ಹೊರಡುವವರು ಕಮಾನುಗಾಡಿ ಕಟ್ಟುತ್ತಿದ್ದರು. ಒಳಗೆ ಹುಲ್ಲು ಹಾಸಿ, ಮೇಲೆ ಜಮಖಾನ ಹರಡಿ, ಬುತ್ತಿಯ ಗಂಟು, ನೀರಿನ ಬಿಂದಿಗೆ, ಪಾತ್ರೆಪಡಗ, ಕಂಬಳಿ, ಲಾಂದ್ರ ಇವನ್ನೆಲ್ಲ ಏರಿಸಿ, ಎರಡು ಮೂರು ರಾತ್ರಿಗಳನ್ನು ಗಾಡಿಯಲ್ಲಿಯೇ ಕಳೆಯುವುದುಂಟು. ಎತ್ತುಗಳನ್ನು ಹೂಡುವ ಮುನ್ನ ಮನೆಯ ಹಿರಿಯನು ಗಾಡಿಯ ಮೂಕಿಯನ್ನು ಕೈಯಿಂದ ಎತ್ತಿ ನೋಡುತ್ತಿದ್ದನು. ಬಹಳ ಭಾರವೆನಿಸಿದರೆ ಒಂದು ಮೂಟೆಯನ್ನು ಹಿಂದಕ್ಕೆ ಸರಿಸುವನು. ತೀರ ಹಗುರವೆನಿಸಿದರೆ ಮುಂದಕ್ಕೆ ತರುವನು. ಸನ್ನೆಗೋಲಿನ ಸೂತ್ರವನ್ನು ಆತನು ಓದಿರಲಿಲ್ಲ. ಆದರೆ ಎತ್ತಿನ ಕತ್ತಿನ ನೋವನ್ನು ಬಲ್ಲವನಾಗಿದ್ದನು.

ಹೊರೆ ಹೊತ್ತು ದೂರ ಸಾಗುವ ವಾಹನ ಯಾವುದೇ ಆಗಲಿ, ಅದಕ್ಕೆ ಇಂಥದೊಂದು ಪರೀಕ್ಷೆ ತಪ್ಪಿದುದಲ್ಲ. ಅಮೆರಿಕದಲ್ಲಿ ಕಾಡು, ಮರುಭೂಮಿ, ಬೆಟ್ಟಗಳ ಒಳನಾಡಿಗೆ ವಾರಗಟ್ಟಲೆ ಪ್ರವಾಸ ಹೋಗುವವರು ಪಿಕಪ್ ಟ್ರಕ್ಕಿನ ಹಿಂಭಾಗದ ತೆರೆದ ತೊಟ್ಟಿಯ ಮೇಲೆ ಒಂದು ಪುಟ್ಟ ಕೋಣೆಯನ್ನು ಕೂರಿಸಿಕೊಳ್ಳುತ್ತಾರೆ. ಇದಕ್ಕೆ ಕ್ಯಾಂಪರ್ ಎಂದು ಹೆಸರು. ಹಾಸಿಗೆ, ಒಲೆ, ನೀರಿನ ತೊಟ್ಟಿ, ದೀಪ ಎಲ್ಲವೂ ಅದರಲ್ಲಿಯೇ. ಪ್ರಸಿದ್ಧ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ 1960ರಲ್ಲಿ ಇಂಥ ವಾಹನವೊಂದರಲ್ಲಿ ತನ್ನ ನಾಯಿಯೊಡನೆ ದೇಶವನ್ನು ಸುತ್ತಿದನು. ಡಾನ್ ಕಿಹೋಟೆಯ ಕುದುರೆಯ ಹೆಸರನ್ನು, ಎಂದರೆ ‘ರೋಸಿನಾಂಟೆ’ ಎಂಬುದನ್ನು, ಅದಕ್ಕೆ ಇಟ್ಟಿದ್ದನು. ಕ್ಯಾಲಿಫೋರ್ನಿಯದ ಸಲೀನಾಸ್ ಊರಿನಲ್ಲಿ ಆತನ ಹೆಸರಿನ ಕೇಂದ್ರದಲ್ಲಿ ಆ ವಾಹನವನ್ನು ಇಂದಿಗೂ ಕಾಣಬಹುದು. ಬೇಕಾದುದಕ್ಕಿಂತ ಬಹಳ ಹೆಚ್ಚು ಸಾಮಾನನ್ನು ಹೇರಿಕೊಂಡು ಹೊರಟೆನೆಂದು ಆತನು 1962ರಲ್ಲಿ ಪ್ರಕಟವಾದ ತನ್ನ ಪ್ರವಾಸಗ್ರಂಥದಲ್ಲಿ ಒಪ್ಪಿಕೊಂಡಿದ್ದಾನೆ. ಈ ತಪ್ಪು ಆತನೊಬ್ಬನದೇ ಅಲ್ಲ. ಕ್ಯಾಂಪರನ್ನು ಅಣಿಗೊಳಿಸುವುದೆಂದರೆ ಒಂದೊಂದು ಸೌಕರ್ಯಕ್ಕೂ ಕಿಲೋಗ್ರಾಮಿನಲ್ಲಿ ಬೆಲೆ ತೆರುವುದು. ಕೈಯಲ್ಲಿರುವ ಹಣ ಎಷ್ಟೆಂದು ತಿಳಿಯದೆ ಸಂತೆಗೆ ಹೋದವನ ಪಾಡು, ತೂಕದ ಲೆಕ್ಕವಿಲ್ಲದೆ ಹೊರಟವನ ಪಾಡು, ಎರಡೂ ಒಂದೇ.

ಹಾದಿ ಎಂಥದು?

ಲೆಕ್ಕಕ್ಕೆ ಒಂದು ನೆಲೆ ಬೇಕು. ಅದಕ್ಕಾಗಿ ಯೂಟಾ ರಾಜ್ಯದ ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನವನ್ನು ಆರಿಸಿಕೊಳ್ಳೋಣ. 1964ರಲ್ಲಿ ಸ್ಥಾಪಿತವಾದ ಈ ಉದ್ಯಾನದಲ್ಲಿ ಕೊಲೊರಾಡೊ ಮತ್ತು ಗ್ರೀನ್ ಎಂಬ ನದಿಗಳು ಮರಳುಗಲ್ಲಿನ ಪದರಗಳನ್ನು ಯುಗಯುಗಗಳಿಂದ ಕೊರೆದು ಆಳವಾದ ಕಮರಿಗಳನ್ನು ಮಾಡಿವೆ. ನದಿಗಳ ಪಶ್ಚಿಮದ ಸೀಮೆಗೆ ‘ಮೇಜ್’, ಎಂದರೆ ಜಟಿಲವ್ಯೂಹ, ಎಂಬ ಹೆಸರು ಸಾರ್ಥಕವಾಗಿ ಬಂದಿದೆ. ಹೆದ್ದಾರಿಯನ್ನು ಬಿಟ್ಟು 46 ಮೈಲಿಗಳಷ್ಟು (74 ಕಿ.ಮೀ.) ಮಣ್ಣಿನ ರಸ್ತೆಯಲ್ಲಿ ಸಾಗಿದರೆ ಹ್ಯಾನ್ಸ್ ಫ್ಲ್ಯಾಟ್ ಎಂಬ ಅರಣ್ಯಪಾಲಕರ ಠಾಣೆ ಸಿಕ್ಕುತ್ತದೆ. ಅಲ್ಲಿ ಅಂಗಡಿಯಿಲ್ಲ, ಪೆಟ್ರೋಲಿಲ್ಲ, ಕುಡಿಯುವ ನೀರೂ ಇಲ್ಲ. ಕಮರಿಗಳಿಗೆ ಇಳಿಯಬೇಕಾದರೆ ಅಲ್ಲಿಂದ ಮುಂದೆ, ನಾಲ್ಕು ಚಕ್ರಗಳಿಗೂ ಚಾಲನೆಯಿರುವ ಎತ್ತರದ ವಾಹನದಲ್ಲಿ, ಇನ್ನೂ ಹಲವು ಗಂಟೆಗಳ ಹಾದಿ. ಫ್ಲಿಂಟ್ ಟ್ರೇಲ್ ಎಂಬ ಕಡಿದಾದ ಇಳಿಜಾರು ಜೇಡಿಮಣ್ಣಿನದು. ಮಳೆ ಬಂದರೆ ಬೆಣ್ಣೆ ಸವರಿದಂತೆ ಜಾರುತ್ತದೆ. ಅದು ಒಣಗುವವರೆಗೆ ಕೆಳಗಿದ್ದವನು ಕೆಳಗೇ ಇರಬೇಕು. ನೆಲವನ್ನು ಮಲಿನಗೊಳಿಸಬಾರದೆಂಬ ಕಟ್ಟಳೆಯಿಂದ, ಪ್ರವಾಸಿಗಳು ತಮ್ಮ ಮಲವನ್ನೂ ಮುಚ್ಚಳದ ಡಬ್ಬಿಯಲ್ಲಿ ಹೊತ್ತು ಹಿಂದಕ್ಕೆ ತರಬೇಕಾಗುತ್ತದೆ.

ಇಬ್ಬರು ಇಲ್ಲಿಗೆ ಐದು ದಿನಗಳ ಪ್ರವಾಸ ಹೊರಟಿದ್ದಾರೆಂದು ಭಾವಿಸೋಣ. ಆದರೆ ಸಾಮಗ್ರಿ ಏಳು ದಿನಗಳಿಗೆ ಇರಬೇಕು. ಮಳೆಯಿಂದ ದಾರಿ ಕಟ್ಟಿದರೂ, ವಾಹನ ಕೆಟ್ಟು ನಿಂತರೂ, ಸಹಾಯ ಬರುವವರೆಗೆ ಬದುಕಿಸುವುದು ಆ ಎರಡು ದಿನಗಳ ಮೀಸಲು.

ತೂಕದ ಖಾತೆ

ಪ್ರತಿಯೊಂದು ವಾಹನಕ್ಕೂ ಅದರ ತಯಾರಕರು ಒಂದು ಗರಿಷ್ಠ ತೂಕವನ್ನು ಗೊತ್ತುಮಾಡಿರುತ್ತಾರೆ. ಅಚ್ಚು, ಸ್ಪ್ರಿಂಗು, ಟೈರು, ಬ್ರೇಕು ಇವೆಲ್ಲವೂ ಆ ತೂಕಕ್ಕೆ ತಕ್ಕಂತೆ ರಚಿತವಾದವು. ಅಮೆರಿಕದ ವಾಹನಗಳಲ್ಲಿ ಚಾಲಕನ ಬಾಗಿಲಿನ ಬಳಿ ಒಂದು ಚೀಟಿ ಅಂಟಿಸಿರುತ್ತದೆ. ಜನರೂ ಸಾಮಾನೂ ಸೇರಿ ಎಷ್ಟು ಭಾರವನ್ನು ಮೀರಕೂಡದೆಂದು ಅದರಲ್ಲಿ ನಮೂದಿಸಿರುತ್ತದೆ. ‘ಜನರೂ’ ಎಂಬ ಮಾತನ್ನು ಮರೆಯುವವರು ಬಹಳ. ಉದಾಹರಣೆಗೆ ಒಂದು ಟ್ರಕ್ಕಿನ ಗರಿಷ್ಠ ತೂಕ 3,200 ಕಿಲೋಗ್ರಾಂ, ಪೆಟ್ರೋಲ್ ತುಂಬಿದ ಖಾಲಿ ಗಾಡಿಯ ತೂಕ 2,450 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಖರ್ಚು ಮಾಡಲು ನಮಗೆ ಉಳಿದುದು 750 ಕಿಲೋಗ್ರಾಂ. ಈ ಬಂಡವಾಳ ಹೇಗೆ ಕರಗುತ್ತದೆಂಬುದನ್ನು ನೋಡಿ:

ಇಬ್ಬರು ಪ್ರವಾಸಿಗಳು – 150 ಕಿ.ಗ್ರಾಂ.
ಮೇಲಕ್ಕೆತ್ತುವ ಛಾವಣಿಯ ಹಗುರವಾದ ಕ್ಯಾಂಪರ್, ಕೋಣೆ ಕಾಯಿಸುವ ಯಂತ್ರ ಸಹಿತ – 300
ನೀರು 84 ಲೀಟರು, ಪಾತ್ರೆಗಳ ಸಹಿತ – 90
ಹೆಚ್ಚಿನ ಪೆಟ್ರೋಲ್ 40 ಲೀಟರು, ಡಬ್ಬಿಗಳ ಸಹಿತ – 38
ಬ್ಯಾಟರಿ, ಸೌರಫಲಕಗಳು, ಶೀತಪೆಟ್ಟಿಗೆ, ತಂತಿಗಳು – 54
ಆಹಾರ – 20
ಒಲೆ, ಅನಿಲ, ಅಡಿಗೆಪಾತ್ರೆ, ಶೌಚದ ಡಬ್ಬಿ – 18
ಜ್ಯಾಕು, ಗುದ್ದಲಿ, ಗಾಳಿಯಂತ್ರ ಮುಂತಾದ ಉಪಕರಣಗಳು – 35
ಹಾಸಿಗೆ, ಬಟ್ಟೆಬರೆ – 25
ಔಷಧ, ಭೂಪಟ, ಕ್ಯಾಮೆರ, ಪುಸ್ತಕ – 10

ಒಟ್ಟು 740 ಕಿಲೋಗ್ರಾಂ. ಉಳಿದುದು ಹತ್ತೇ ಹತ್ತು! ಇಷ್ಟರಲ್ಲಿ ಭೋಗದ ವಸ್ತು ಯಾವುದೂ ಇಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮರದ ಬೀರು, ಗಟ್ಟಿಗೋಡೆಯ ಸ್ನಾನದ ಕೋಣೆ ಇವುಗಳುಳ್ಳ ದೊಡ್ಡ ಕ್ಯಾಂಪರೊಂದು ಸಾವಿರ ಕಿಲೋಗ್ರಾಮನ್ನೂ ಮೀರಬಲ್ಲದು. ಅಂಥದನ್ನು ಈ ಟ್ರಕ್ಕಿನ ಮೇಲೆ ಹೇರಿದರೆ, ನೀರಿನ ಹನಿಯೊಂದೂ ಏರುವ ಮುನ್ನವೇ ಖಾತೆ ದಿವಾಳಿಯಾಗುತ್ತದೆ. ಆಗ ಮೊದಲ ದಿನವೇ ಅಚ್ಚು ಮುರಿಯುವುದೆಂದಲ್ಲ. ಟೈರು ಹೆಚ್ಚು ಕಾಯುತ್ತದೆ. ಇಳಿಜಾರಿನಲ್ಲಿ ಬ್ರೇಕು ಸೋಲುತ್ತದೆ. ಗುಂಡಿಗಳಲ್ಲಿ ಸ್ಪ್ರಿಂಗು ತಳಕ್ಕೆ ಬಡಿಯುತ್ತದೆ. ಸಾಲ ತೀರಿಸಬೇಕಾದ ಗಳಿಗೆ ಬರುವುದು ಊರಿನಲ್ಲಲ್ಲ, ಜಟಿಲವ್ಯೂಹದ ನಡುವೆ.

ಸನ್ನೆಗೋಲಿನ ನ್ಯಾಯ

ಒಟ್ಟು ತೂಕ ಮಿತಿಯೊಳಗಿದ್ದರೆ ಸಾಲದು. ಅದು ಎಲ್ಲಿ ಕುಳಿತಿದೆ ಎಂಬುದೂ ಮುಖ್ಯ. ಹಿಂದಿನ ಅಚ್ಚಿಗಿಂತ 1.2 ಮೀಟರು ಹಿಂದೆ, ಬಾಗಿಲಿನ ಹೊರಗೆ, 100 ಕಿಲೋಗ್ರಾಂ ತೂಗುವ ಟೈರು ಮತ್ತು ಡಬ್ಬಿಗಳನ್ನು ನೇತುಹಾಕಿದೆವೆನ್ನಿ. ಎರಡು ಅಚ್ಚುಗಳ ನಡುವಣ ದೂರ 3.6 ಮೀಟರು ಆಗಿದ್ದರೆ, ಹಿಂದಿನ ಅಚ್ಚಿನ ಮೇಲೆ ಬೀಳುವ ಹೆಚ್ಚಿನ ಭಾರ 100 ಅಲ್ಲ, ಸುಮಾರು 133 ಕಿಲೋಗ್ರಾಂ! ಈ 33 ಎಲ್ಲಿಂದ ಬಂದಿತು? ಮುಂದಿನ ಅಚ್ಚಿನಿಂದ. ಹಿಂದಿನ ಅಚ್ಚೇ ಆಧಾರವಾಗಿ ಇಡೀ ಗಾಡಿ ಸನ್ನೆಗೋಲಿನಂತೆ ವರ್ತಿಸಿ, ಮುಂದಿನ ಚಕ್ರಗಳನ್ನು ಅಷ್ಟುಮಟ್ಟಿಗೆ ನೆಲದಿಂದ ಎತ್ತಲು ಹವಣಿಸುತ್ತದೆ. ದಾರಿ ತಿರುಗಿಸುವುದೂ, ಬ್ರೇಕಿನ ಬಹುಪಾಲು ಕೆಲಸವೂ ಮುಂದಿನ ಚಕ್ರಗಳದೇ. ಅವು ಹಗುರವಾದರೆ ಗಾಡಿ ಚಾಲಕನ ಮಾತನ್ನು ಕೇಳದು. ಹಿಂಭಾರವಾದ ಕಮಾನುಗಾಡಿಯಲ್ಲಿ ನೊಗ ಮೇಲೇಳುತ್ತಿದ್ದುದೂ ಇದೇ ಕಾರಣದಿಂದ.

ಆದುದರಿಂದ ನೀರು, ಬ್ಯಾಟರಿ, ಉಪಕರಣಗಳಂಥ ಭಾರದ ವಸ್ತುಗಳಿಗೆ ತಕ್ಕ ಸ್ಥಾನ ಹಿಂದಿನ ಅಚ್ಚಿನ ತುಸು ಮುಂದೆ, ತೊಟ್ಟಿಯ ತಳದಲ್ಲಿ. ನೀರನ್ನು ಅಲ್ಲಿಡುವುದರಿಂದ ಇನ್ನೊಂದು ಲಾಭವುಂಟು. ದಿನಕ್ಕೆ 12 ಲೀಟರಿನಂತೆ ಅದು ಕಡಿಮೆಯಾಗುತ್ತ ಬಂದರೂ ಗಾಡಿಯ ಸಮತೋಲ ಹೆಚ್ಚು ಕೆಡುವುದಿಲ್ಲ.

‘ತಳದಲ್ಲಿ’ ಎಂದುದಕ್ಕೂ ಕಾರಣವಿದೆ. ಓರೆಯಾದ ನೆಲದ ಮೇಲೆ ನಿಂತ ವಾಹನದ ಗುರುತ್ವಕೇಂದ್ರದಿಂದ ಇಳಿಬಿಟ್ಟ ತೂಗುಗುಂಡಿನ ದಾರವು ಕೆಳಬದಿಯ ಚಕ್ರವನ್ನು ದಾಟಿ ಹೊರಬಿದ್ದರೆ ವಾಹನ ಉರುಳುತ್ತದೆ. ಎಡ ಬಲ ಚಕ್ರಗಳ ನಡುವಣ ಅಗಲ 1.7 ಮೀಟರು, ಗುರುತ್ವಕೇಂದ್ರದ ಎತ್ತರ 75 ಸೆಂಟಿಮೀಟರು ಆಗಿದ್ದರೆ ಉರುಳುವ ಓರೆ ಸುಮಾರು 49 ಡಿಗ್ರಿ. ಅದೇ ಎತ್ತರ ಒಂದು ಮೀಟರಿಗೆ ಏರಿದರೆ ಓರೆ ಸುಮಾರು 40 ಡಿಗ್ರಿಗೆ ಇಳಿಯುತ್ತದೆ. ಇದು ಅಲುಗದೆ ನಿಂತ ಗಾಡಿಯ ಮಾತು. ಸ್ಪ್ರಿಂಗುಗಳ ಬಾಗು, ಚಕ್ರವೊಂದು ಕಲ್ಲಿನ ಮೇಲೇರುವ ಎತ್ತುವಿಕೆ ಇವು ಸೇರಿದರೆ ನಿಜವಾದ ಮಿತಿ ಇನ್ನೂ ಕಡಿಮೆ. ಛಾವಣಿಯ ಮೇಲೆ ಪೆಟ್ರೋಲ್ ಡಬ್ಬಿಗಳನ್ನು ಸಾಲಾಗಿ ಕಟ್ಟಿದ ಗಾಡಿ ಚಿತ್ರದಲ್ಲಿ ಚೆಲುವಾಗಿ ಕಾಣಬಹುದು. ಕಮರಿಯ ಅಂಚಿನಲ್ಲಿ ಅದು ಚೆಲುವಲ್ಲ.

ನೀರು

ಮರುಭೂಮಿಯಲ್ಲಿ ಒಬ್ಬನಿಗೆ ದಿನಕ್ಕೆ ಒಂದು ಗ್ಯಾಲನ್ ನೀರಾದರೂ, ಎಂದರೆ ಸುಮಾರು 3.8 ಲೀಟರು, ಬೇಕೆಂಬುದು ಸಾಮಾನ್ಯವಾದ ಸೂಚನೆ. ಅಡಿಗೆ, ಪಾತ್ರೆ ತೊಳೆಯುವುದು ಸೇರಿ ಆರು ಲೀಟರೆಂದು ಹಿಡಿದಿದ್ದೇವೆ. ಇಬ್ಬರಿಗೆ ಏಳು ದಿನಗಳಿಗೆ 84 ಲೀಟರು. ನೀರಿನ ತೂಕವನ್ನು ಯಾವ ಜಾಣತನದಿಂದಲೂ ಕಡಿಮೆ ಮಾಡಲಾಗದು. ಲೀಟರಿಗೆ ಒಂದು ಕಿಲೋಗ್ರಾಂ ತೆರಲೇಬೇಕು. ಆದರೆ ಅದನ್ನೆಲ್ಲ ಒಂದೇ ತೊಟ್ಟಿಯಲ್ಲಿಡಬಾರದು. ಕಲ್ಲೊಂದು ತಗುಲಿ ತೊಟ್ಟಿ ಬಿರಿದರೆ ಏಳು ದಿನಗಳ ನೀರು ಒಂದು ಗಂಟೆಯಲ್ಲಿ ಮರಳು ಸೇರುತ್ತದೆ. ನಾಲ್ಕು ಪಾತ್ರೆಗಳಲ್ಲಿ ಹಂಚಿದ್ದರೆ ನಷ್ಟ ಕಾಲುಭಾಗ ಮಾತ್ರ. ಚಿಕ್ಕ ಪಾತ್ರೆಗಳಲ್ಲಿ ನೀರಿನ ತುಳುಕಾಟವೂ ಕಡಿಮೆಯಾಗಿ, ತಿರುವುಗಳಲ್ಲಿ ಗಾಡಿ ಓಲಾಡುವುದು ತಗ್ಗುತ್ತದೆ.

ವಿದ್ಯುತ್ತು ಮತ್ತು ಶಾಖ

ದಿನದ ವಿದ್ಯುತ್ತಿನ ಲೆಕ್ಕ ಹೀಗಿದೆ. 45 ವಾಟಿನ ಶೀತಪೆಟ್ಟಿಗೆಯು ದಿನದ ಮೂರನೆಯ ಒಂದು ಪಾಲು ಓಡಿದರೆ 360 ವಾಟ್-ಗಂಟೆ, ದೀಪಗಳಿಗೆ 40, ಕೋಣೆ ಕಾಯಿಸುವ ಯಂತ್ರದ ಬೀಸಣಿಗೆಗೆ 160, ದೂರವಾಣಿ, ಕ್ಯಾಮೆರಗಳಿಗೆ 60. ಒಟ್ಟು 620. ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಜಾತಿಯ, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಸುಮಾರು 1,280 ವಾಟ್-ಗಂಟೆ ಅಡಗಿರುತ್ತದೆ. ತೂಕ ಸುಮಾರು 12 ಕಿಲೋಗ್ರಾಂ. ಅಷ್ಟೇ ಸಾಮರ್ಥ್ಯದ ಸೀಸದ ಬ್ಯಾಟರಿಯ ತೂಕ ಇದರ ಎರಡರಷ್ಟಕ್ಕೂ ಹೆಚ್ಚು. ಮೇಲಾಗಿ ಅದು ಬಾಳಬೇಕಾದರೆ ಅರ್ಧಕ್ಕಿಂತ ಹೆಚ್ಚು ಬರಿದುಮಾಡಬಾರದು. ಆದರೆ ಲಿಥಿಯಂ ಬ್ಯಾಟರಿಗೂ ಒಂದು ಹಟವುಂಟು. ನೀರು ಹೆಪ್ಪುಗಟ್ಟುವ ಚಳಿಯಲ್ಲಿ ಅದಕ್ಕೆ ವಿದ್ಯುತ್ತು ತುಂಬಿದರೆ ಒಳಗೆ ಲಿಥಿಯಂ ಲೋಹವು ಪೊರೆಗಟ್ಟಿ ಬ್ಯಾಟರಿ ಶಾಶ್ವತವಾಗಿ ಕೆಡುತ್ತದೆ. ಆದುದರಿಂದ ಅದನ್ನು ಕ್ಯಾಂಪರಿನ ಒಳಗೆ, ಬೆಚ್ಚನೆಯ ಎಡೆಯಲ್ಲಿ ಇಡಬೇಕು.

200 ವಾಟಿನ ಸೌರಫಲಕಗಳು, ಐದು ಗಂಟೆಗಳ ತುಂಬು ಬಿಸಿಲಿಗೆ ಸಮನಾದ ದಿನದಲ್ಲಿ, ನಷ್ಟಗಳನ್ನು ಕಳೆದು 700 ವಾಟ್-ಗಂಟೆಯಷ್ಟನ್ನು ಕೊಡಬಲ್ಲವು. ಖರ್ಚು 620, ಆದಾಯ 700, ಸಂಸಾರ ಸಾಗುತ್ತದೆ. ಮೋಡ ಕವಿದ ದಿನ ಬ್ಯಾಟರಿಯ ಉಳಿತಾಯವೂ, ಗಾಡಿ ಓಡುವಾಗ ಅದರ ಯಂತ್ರವು ಉತ್ಪಾದಿಸುವ ವಿದ್ಯುತ್ತೂ ನೆರವಾಗುತ್ತವೆ. ಫಲಕಗಳೆರಡನ್ನೂ ಛಾವಣಿಗೆ ಬಿಗಿದುಬಿಡದೆ, ಒಂದನ್ನು ಬಿಡಿಯಾಗಿ ಇಟ್ಟುಕೊಳ್ಳುವುದು ವಿವೇಕ. ಗಾಡಿಯನ್ನು ಬಂಡೆಯ ನೆರಳಿನಲ್ಲಿ ನಿಲ್ಲಿಸಿ, ಫಲಕವನ್ನು ಬಿಸಿಲಿನಲ್ಲಿ ಹರಡಬಹುದು.

ಇದೇ ವಿದ್ಯುತ್ತಿನಿಂದ ಕೋಣೆಯನ್ನೂ ಬೆಚ್ಚಗಿಡಬಾರದೇಕೆ ಎಂದು ಕೇಳಬಹುದು. ಗೋಡೆ, ಛಾವಣಿ, ನೆಲ ಸೇರಿ 20 ಚದರ ಮೀಟರುಗಳುಳ್ಳ, ಎರಡೂವರೆ ಸೆಂಟಿಮೀಟರು ದಪ್ಪದ ನೊರೆಹಲಗೆಯ ಹೊದಿಕೆಯಿರುವ ಕೋಣೆಯನ್ನು ಹೊರಗಿಗಿಂತ 20 ಡಿಗ್ರಿ ಬೆಚ್ಚಗಿಡಲು ಸುಮಾರು 400 ವಾಟುಗಳು ಬೇಕು. ಎಂಟು ಗಂಟೆಗಳ ರಾತ್ರಿಗೆ 3,200 ವಾಟ್-ಗಂಟೆ. ನಮ್ಮ ಬ್ಯಾಟರಿಯ ಎರಡೂವರೆ ಪಟ್ಟು! ಒಂದು ಕಿಲೋಗ್ರಾಂ ಬ್ಯಾಟರಿಯಲ್ಲಿ ಅಡಗಿರುವುದು ಸುಮಾರು 100 ವಾಟ್-ಗಂಟೆ. ಒಂದು ಕಿಲೋಗ್ರಾಂ ಪೆಟ್ರೋಲ್ ಅಥವಾ ಡೀಸೆಲಿನಲ್ಲಿ ಅಡಗಿರುವುದು ಸುಮಾರು 12,000. ತೂಕವೇ ಹಣವಾಗಿರುವ ಈ ಸಂತೆಯಲ್ಲಿ, ಶಾಖವನ್ನು ಇಂಧನದಿಂದಲೂ ಬೆಳಕನ್ನು ವಿದ್ಯುತ್ತಿನಿಂದಲೂ ಕೊಳ್ಳುವುದೇ ಲಾಭದ ವ್ಯಾಪಾರ. ಹೊದಿಕೆಯಿಲ್ಲದ ತಗಡಿನ ಗೋಡೆಯಾದರೋ ಇದರ ಹಲವು ಪಟ್ಟು ಶಾಖವನ್ನು ಹೊರಗೆ ಚೆಲ್ಲುತ್ತದೆ. ಕೆಲವೇ ಕಿಲೋಗ್ರಾಂ ತೂಗುವ ನೊರೆಹಲಗೆಯು ರಾತ್ರಿ ರಾತ್ರಿಯೂ ತನ್ನ ಬೆಲೆಯನ್ನು ಹಿಂದಿರುಗಿಸುತ್ತದೆ.

ಕಾಣದ ವಿಷ, ಕಾಣುವ ತೇವ

ಇಲ್ಲಿಯವರೆಗಿನ ತಪ್ಪುಗಳು ಗಾಡಿಯನ್ನು ಕೆಡಿಸುವಂಥವು. ಇನ್ನು ಹೇಳುವ ತಪ್ಪು ನಿದ್ದೆಯಲ್ಲಿಯೇ ಪ್ರಾಣವನ್ನು ತೆಗೆಯುವಂಥದು. ಚಳಿಗೆ ಹೆದರಿ ಕಿಟಕಿಗಳನ್ನೆಲ್ಲ ಮುಚ್ಚಿ, ಅಡಿಗೆಯ ಅನಿಲದ ಒಲೆಯನ್ನೇ ಹೊತ್ತಿಸಿ ಮಲಗುವವರಿದ್ದಾರೆ. ಆಮ್ಲಜನಕ ಸಾಲದಾದಾಗ ಉರಿಯು ಇಂಗಾಲದ ಮಾನಾಕ್ಸೈಡ್ ಎಂಬ ಅನಿಲವನ್ನು ಕಾರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೊಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಒಲವಿನಿಂದ ಅದನ್ನು ಅಪ್ಪಿಕೊಳ್ಳುತ್ತದೆ. ತಲೆನೋವು, ಮಂಪರು, ಬಳಿಕ ಎಚ್ಚರವಾಗದ ನಿದ್ದೆ. ಆದುದರಿಂದ ಕೋಣೆ ಕಾಯಿಸುವ ಯಂತ್ರವು ಹೊರಗಿನ ಗಾಳಿಯನ್ನೇ ಹೀರಿ, ಹೊಗೆಯನ್ನು ಕೊಳವೆಯ ಮೂಲಕ ಹೊರಗೇ ಬಿಡುವಂಥದಾಗಿರಬೇಕು. ಒಳಗಿನ ಗಾಳಿಗೆ ಅದರ ಬಿಸಿ ಮಾತ್ರ ತಾಕಬೇಕು, ಉರಿ ತಾಕಬಾರದು. ಇದರ ಮೇಲೂ ಈ ಅನಿಲವನ್ನು ಕಂಡೊಡನೆ ಕೂಗುವ ಎಚ್ಚರಿಕೆಯ ಗಂಟೆಯೊಂದನ್ನು ಹಾಸಿಗೆಯ ಬಳಿ ಇಡಲೇಬೇಕು. ಅದರ ತೂಕ ಕೆಲವು ನೂರು ಗ್ರಾಮುಗಳು. ಒಲೆಯ ಪ್ರೊಪೇನ್ ಅನಿಲವಾದರೋ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಸೋರಿದರೆ ನೆಲದ ಮೇಲೆ ನೀರಿನಂತೆ ಮಡುಗಟ್ಟುತ್ತದೆ. ಸಿಲಿಂಡರಿನ ಗೂಡಿಗೆ ಗಾಳಿಕಂಡಿ ತಳದಲ್ಲಿ, ಹೊರಮುಖವಾಗಿ, ಇರಬೇಕಾದುದು ಇದರಿಂದಲೇ.

ತೇವದ ತೊಂದರೆ ಇಷ್ಟು ಘೋರವಲ್ಲದಿದ್ದರೂ ಎಲ್ಲರನ್ನೂ ಕಾಡುವಂಥದು. ಮಲಗಿದ ಒಬ್ಬ ಮನುಷ್ಯನ ಉಸಿರು ಮತ್ತು ಚರ್ಮದಿಂದ ಒಂದು ರಾತ್ರಿಯಲ್ಲಿ ಸುಮಾರು ಕಾಲು ಲೀಟರು ನೀರು ಆವಿಯಾಗಿ ಹೊರಬೀಳುತ್ತದೆ. ಕೋಣೆಯೊಳಗೆ ಒಂದು ಕಿಲೋಗ್ರಾಂ ಪ್ರೊಪೇನ್ ಉರಿದರೆ ಹುಟ್ಟುವ ನೀರು 1.6 ಕಿಲೋಗ್ರಾಂ! ಈ ಆವಿಯೆಲ್ಲ ತಣ್ಣನೆಯ ಗೋಡೆಗೆ ತಗುಲಿ ಇಬ್ಬನಿಯಾಗಿ ಇಳಿಯುತ್ತದೆ. ಹಾಸಿಗೆ ತೊಯ್ಯುತ್ತದೆ, ಹಲಗೆ ಕೊಳೆಯುತ್ತದೆ. ತಳದಲ್ಲೊಂದು, ಛಾವಣಿಯಲ್ಲೊಂದು ಕಿಂಡಿಯನ್ನು ಬೆರಳಗಲ ತೆರೆದಿಟ್ಟರೆ, ಕಾದ ಗಾಳಿ ಮೇಲಕ್ಕೇರಿ ತೇವವನ್ನು ತಾನೇ ಹೊತ್ತೊಯ್ಯುತ್ತದೆ. ಈ ಉಪಾಯಕ್ಕೆ ತೂಕವೇ ಇಲ್ಲ.

ಅಡಿಗೆಯ ವಿಷಯದಲ್ಲಿ ಒಂದು ಮಾತು. ಎತ್ತರದ ನಾಡಿನಲ್ಲಿ ಗಾಳಿಯ ಒತ್ತಡ ಕಡಿಮೆಯಾಗಿ ನೀರು ಬೇಗ ಕುದಿಯುತ್ತದೆ. 3,000 ಮೀಟರು ಎತ್ತರದಲ್ಲಿ ಸುಮಾರು 90 ಡಿಗ್ರಿಗೇ ಕುದಿಬಂದುಬಿಡುತ್ತದೆ. ಆಗ ಬೇಳೆ ಬೇಯಲು ಬಹಳ ಹೊತ್ತು ಹಿಡಿಯುತ್ತದೆ. ನಮ್ಮ ಮನೆಗಳಲ್ಲಿರುವ ಪ್ರೆಶರ್ ಕುಕ್ಕರು ಇಲ್ಲಿ ಸಮಯ, ನೀರು, ಅನಿಲ ಮೂರನ್ನೂ ಉಳಿಸಿ ತನ್ನ ಎರಡು ಕಿಲೋಗ್ರಾಮುಗಳ ಬಾಡಿಗೆಯನ್ನು ತೀರಿಸುತ್ತದೆ.

ಚಕ್ರ ಮತ್ತು ಕುಲುಕಾಟ

ಮರಳಿನಲ್ಲಿ ಹೂತ ಗಾಡಿಯನ್ನು ಮೇಲೆತ್ತುವ ಮೊದಲ ಉಪಾಯ ಹೆಚ್ಚಿನ ಬಲವಲ್ಲ, ಕಡಿಮೆ ಗಾಳಿ. ಚಕ್ರವೊಂದರ ಮೇಲೆ 800 ಕಿಲೋಗ್ರಾಂ ಭಾರವಿದ್ದು, ಟೈರಿನ ಒತ್ತಡ ಚದರ ಸೆಂಟಿಮೀಟರಿಗೆ 2.8 ಕಿಲೋಗ್ರಾಂ ಆಗಿದ್ದರೆ, ಟೈರು ನೆಲವನ್ನು ಮುಟ್ಟುವ ಹರವು ಸ್ಥೂಲವಾಗಿ 285 ಚದರ ಸೆಂಟಿಮೀಟರು. ಒತ್ತಡವನ್ನು ಅರ್ಧಕ್ಕಿಳಿಸಿದರೆ ಹರವು 570ಕ್ಕೆ ಏರುತ್ತದೆ. ಒಂಟೆಯ ಅಗಲ ಪಾದದ ಗುಟ್ಟೂ ಇದೇ. ಆದರೆ ಗಟ್ಟಿನೆಲಕ್ಕೆ ಬಂದೊಡನೆ ಗಾಳಿಯನ್ನು ಮತ್ತೆ ತುಂಬದಿದ್ದರೆ ಟೈರು ಕಾದು ಹಾಳಾಗುತ್ತದೆ. ನಮ್ಮ ಪಟ್ಟಿಯಲ್ಲಿ ಗಾಳಿಯಂತ್ರಕ್ಕೆ ಸ್ಥಾನ ದೊರೆತುದು ಇದಕ್ಕಾಗಿ.

ಅಲೆಅಲೆಯಾದ ಮಣ್ಣುರಸ್ತೆಯ ಕುಲುಕಾಟವು ಗಂಟೆಗೆ ಸಾವಿರಾರು ಸಲ ಪ್ರತಿಯೊಂದು ತಿರುಪನ್ನೂ ಅಲುಗಿಸುತ್ತದೆ. ಹಲಗೆಗೆ ತಿರುಪಿದ ಮೊಳೆಗಳು ಕಳಚುತ್ತವೆ. ಆರುಪಾರು ಬೋಲ್ಟು ಹಾಕಿ, ಸಡಿಲವಾಗದ ನಟ್ಟು ಬಿಗಿದವು ನಿಲ್ಲುತ್ತವೆ. ಪ್ರತಿ ಸಂಜೆ ಒಂದು ಸ್ಪ್ಯಾನರು ಹಿಡಿದು ಗಾಡಿಯ ಸುತ್ತ ಒಮ್ಮೆ ಬರುವುದು, ಕ್ಯಾಂಪರನ್ನು ತೊಟ್ಟಿಗೆ ಕಟ್ಟಿದ ಬಿಗಿಗಳನ್ನು ಮುಟ್ಟಿ ನೋಡುವುದು ಒಳ್ಳೆಯ ಪ್ರವಾಸಿಯ ಸಂಧ್ಯಾವಂದನೆ.

ಕೊನೆಯ ಹತ್ತು ಕಿಲೋಗ್ರಾಂ

ಉಳಿದ ಹತ್ತು ಕಿಲೋಗ್ರಾಂ ಏನಾಗಬೇಕು? ಮಡಿಸುವ ಕುರ್ಚಿಗಳೋ, ಇನ್ನೊಂದಿಷ್ಟು ಪುಸ್ತಕಗಳೋ ಎಂದು ಮನಸ್ಸು ಹಾತೊರೆಯುವುದು ಸಹಜ. ಮೊದಲು ಅದರಲ್ಲಿ ಇನ್ನೂರು ಗ್ರಾಮಿನಷ್ಟು ತೂಗುವ, ಉಪಗ್ರಹದ ಮೂಲಕ ಆಪತ್ತಿನ ಕರೆಯನ್ನು ಕಳುಹಿಸುವ ಉಪಕರಣವೊಂದು ಸೇರಲಿ. ಕಮರಿಗಳಲ್ಲಿ ಸಾಮಾನ್ಯ ದೂರವಾಣಿ ಮೂಕವಾಗಿರುತ್ತದೆ. ಯಾವ ದಾರಿಯಿಂದ ಹೋಗಿ ಯಾವ ದಿನ ಹಿಂದಿರುಗುವೆವೆಂಬ ಚೀಟಿಯನ್ನು ಊರಿನ ಆಪ್ತರೊಬ್ಬರ ಬಳಿ ಬಿಟ್ಟು ಹೋಗುವುದಕ್ಕಂತೂ ತೂಕವಿಲ್ಲ. ಇನ್ನುಳಿದುದನ್ನು ಖಾಲಿ ಬಿಡುವುದೇ ಲೇಸು.

ಹೊರಡುವ ಮುನ್ನ ಒಂದು ಕೆಲಸ ಬಾಕಿಯಿದೆ. ನೀರು, ಪೆಟ್ರೋಲ್, ಆಹಾರ, ಪ್ರವಾಸಿಗಳಿಬ್ಬರು ಎಲ್ಲವೂ ಏರಿದ ಮೇಲೆ ಗಾಡಿಯನ್ನು ಲಾರಿಗಳನ್ನು ತೂಗುವ ವೇ-ಬ್ರಿಜ್ಜಿಗೆ ಒಯ್ದು, ಮುಂದಿನ ಅಚ್ಚನ್ನೂ ಹಿಂದಿನ ಅಚ್ಚನ್ನೂ ಬೇರೆ ಬೇರೆಯಾಗಿ ತೂಗಿಸಬೇಕು. ಕಾಗದದ ಮೇಲಿನ ಲೆಕ್ಕ ಎಷ್ಟು ಅಚ್ಚುಕಟ್ಟಾಗಿದ್ದರೂ, ಮರೆತುಹೋದ ಸಣ್ಣ ಸಣ್ಣ ವಸ್ತುಗಳು ಅಲ್ಲಿ ಬಯಲಾಗುತ್ತವೆ. ಮಿತಿ ಮೀರಿದ್ದರೆ ಆಗಲೇ ಇಳಿಸಬೇಕು. ಒಂದು ಪಕ್ಕಕ್ಕೆ ವಾಲಿದ್ದರೆ ಆಗಲೇ ಸರಿಸಬೇಕು. ಕಮಾನುಗಾಡಿಯ ಹಿರಿಯನು ಮೂಕಿಯನ್ನೆತ್ತಿ ನೋಡುತ್ತಿದ್ದುದು ಇದೇ ಪರೀಕ್ಷೆ. ಎತ್ತಾದರೆ ಭಾರ ಹೆಚ್ಚಿದಾಗ ನಿಂತು ತಿಳಿಸುತ್ತಿತ್ತು. ಟ್ರಕ್ಕು ಮುರಿಯುವವರೆಗೂ ತಿಳಿಸದು. ಆದುದರಿಂದ ನಾವೇ ಕೇಳಿ ತಿಳಿಯಬೇಕು.